ಅದೇ ಜಾಗದಲ್ಲಿ ನಿಲ್ಲುತ್ತಿದ್ದ ರೆಕಾರ್ಡು

ಹೋದ ವಾರ ಘಟಪ್ರಭಾದ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಜೋಳ ತೆಗೆದುಕೊಳ್ಳಲು ನಿಂತಿದ್ದೆ. ಅಂಗಡಿಯವನು ಹೊಸ ಚೀಲದ ಬಾಯಿ ಬಿಚ್ಚಿದ. ಹುಳ ಹತ್ತಬಾರದೆಂದು ಯಾರೋ ಜೋಳದ ಮೇಲೆ ಬೇವಿನ ಎಲೆ ಹಾಕಿಟ್ಟಿದ್ದರು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಎಲೆ. ಅವನು ಅದನ್ನು ಬಾಚಿ ಬದಿಗೆ ಹಾಕಿದಾಗ ವಾಸನೆ ಎದ್ದಿತು. ನನಗೆ ಅರಿವಿಲ್ಲದೆಯೇ ನನ್ನ ಎರಡೂ ಅಂಗೈ ಎದುರುಬದುರಾಗಿ, ನಡುವೆ ಏನನ್ನೋ ಅಂಚಿನಲ್ಲಿ ಹಿಡಿದಂತೆ, ಮೇಲೆದ್ದವು.

“ಯಾಕ್ರಿ ಅಕ್ಕಾರ, ಎಲಿ ಬೇಕೇನು? ಒಯ್ರಿ, ಅದಕ್ಕ ರೊಕ್ಕಿಲ್ಲ,” ಎಂದು ನಕ್ಕ ಅವನು.

ಒಂದು ಹಿಡಿ ಎಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಜೋಳವನ್ನು ಅಲ್ಲೇ ಮರೆತು ಬಂದಿದ್ದು ಗೋಕಾಕದಲ್ಲಿ ಬಸ್ಸಿಳಿದ ಮೇಲೆ ಗೊತ್ತಾಯಿತು.

ಎಲ್ಲರೂ ಕಾಳಿನಲ್ಲಿ ಹಾಕುವ ಈ ಎಲೆಯನ್ನು ನಮ್ಮ ಮನೆಯಲ್ಲಿ ರೆಕಾರ್ಡುಗಳ ಕವರಿನ ನಡುವೆ ಹಾಕುತ್ತಿದ್ದೆವು. ರೆಕಾರ್ಡುಗಳು ನನ್ನ ಗಂಡನವು. ಅವರ ಹೆಸರು ಧನಪಾಲ. ಅವರಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯುವಾಗಲೂ ಕೈ ತಡೆಯುತ್ತದೆ. ಇನ್ನು ಮುಂದೆ ಅವರು ಎಂದೇ ಬರೆಯುತ್ತೇನೆ.

ಗೋಕಾಕದಲ್ಲಿ ಅವರದು ಮೋಟಾರು ರಿಪೇರಿಯ ಅಂಗಡಿ. ಬಾವಿಯ ಪಂಪಿನ ಮೋಟಾರು ಸುಟ್ಟರೆ ಅದರ ಹಳೆಯ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ದಿನವಿಡೀ ತಲೆ ಬಗ್ಗಿಸಿ ಸುತ್ತುವುದು. ಮಾತು ಕಡಿಮೆ. ಬೆಳಿಗ್ಗೆ ಬಸದಿಗೆ ಹೋಗದೆ ಅಂಗಡಿ ತೆರೆದವರಲ್ಲ. ನೋಡಿದವರು ಈ ಮನುಷ್ಯ ಭಜನೆ ಕೇಳುತ್ತಾನೆ ಎಂದುಕೊಳ್ಳಬೇಕು, ಹಾಗಿದ್ದರು. ಅವರು ಕೇಳುತ್ತಿದ್ದದ್ದು ಡಿಸ್ಕೋ.

ಮೊದಲು ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಮೈಕ್‌ಸೆಟ್ಟಿನವರು ರೆಕಾರ್ಡು ಹಚ್ಚುತ್ತಿದ್ದರು. ಅದಕ್ಕೆ ಪ್ಲೇಟು ಎನ್ನುತ್ತಿದ್ದರು. ಕ್ಯಾಸೆಟ್ ಬಂದ ಮೇಲೆ ಪ್ಲೇಟುಗಳು ಅಟ್ಟ ಸೇರಿದವು. ಅವರು ಮೋಟಾರು ಬಿಚ್ಚಲು ಹೋದ ಊರಲ್ಲೆಲ್ಲ ಆ ಅಟ್ಟಗಳನ್ನು ವಿಚಾರಿಸುತ್ತಿದ್ದರು. ಬೇರೆ ಯಾವ ಹಾಡೂ ಬೇಡ, ಡಿಸ್ಕೋ ಮಾತ್ರ. ಅದೂ ಒರಿಜಿನಲ್ ಆಗಿರಬೇಕು, ಎಂದರೆ ಕಂಪನಿಯವರು ಮೊದಲ ಸಲ ಅಚ್ಚು ಒತ್ತಿದ್ದು. ಆಮೇಲೆ ಒತ್ತಿದ್ದರ ಲೇಬಲ್ಲಿನ ಬಣ್ಣ ಬೇರೆ, ಕವರಿನ ರಟ್ಟು ತೆಳುವು ಎಂದು ಹೇಳುತ್ತಿದ್ದರು. ಮುಂಬಯಿಯ ಹಿಂದಿ ಡಿಸ್ಕೋ ಹೆಚ್ಚು, ಪರದೇಶದ್ದು ಕೆಲವು. ಹೊಳೆಯುವ ಅಂಗಿಯ ಗಂಡಸರು, ಕನ್ನಡಿ ಚೂರುಗಳ ದೊಡ್ಡ ಚೆಂಡಿನ ಕೆಳಗೆ ಕೈಯೆತ್ತಿ ನಿಂತ ಹೆಂಗಸರು ನಮ್ಮ ಪಡಸಾಲೆಯ ಕಪಾಟಿನಲ್ಲಿ ಸಾಲಾಗಿ ಇರುತ್ತಿದ್ದರು, ಬೇವಿನ ಎಲೆಯ ನಡುವೆ.

ಹೊತ್ತು ಮುಳುಗುವ ಮುಂಚೆ ನಮ್ಮ ಊಟ ಮುಗಿಯುತ್ತದೆ. ಮಲಗುವವರೆಗಿನ ಆ ಉದ್ದದ ಸಂಜೆಯೇ ಡಿಸ್ಕೋದ ಹೊತ್ತು. ಅವರು ಕುಣಿದದ್ದನ್ನು ನಾನು ನೋಡಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದರು, ಬಲಗೈಯ ಉಂಗುರದ ಬೆರಳು ಮಾತ್ರ ಮೊಳಕಾಲ ಮೇಲೆ ತಾಳ ಹಾಕುತ್ತಿತ್ತು. ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು:

“ಮುಂಜಾನೆ ದೇವರಿಗಿ ಕೈ ಮುಗೀತಾನ, ಸಂಜಿಕ ಮನ್ಯಾಗ ದೆವ್ವ ಕುಣಸ್ತಾನ. ಧನ್ಯಾ, ಸಣ್ಣಗ ಮಾಡೋ!”

“ಸಣ್ಣಗ ಮಾಡಿದ್ರ ದೆವ್ವ ಕುಣಿಯಂಗಿಲ್ಲವಾ,” ಎನ್ನುತ್ತಿದ್ದರು ಇವರು, ಕಣ್ಣು ತೆರೆಯದೆ.

ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಸದ್ದು ಎಂದರೆ ಇಷ್ಟೇ ಇತ್ತು. ಅಷ್ಟು ಸಾಕಾಗಿತ್ತು.

ನಾನು ಹೇಳಹೊರಟಿದ್ದು ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಆ ದೀಪಾವಳಿಯ ಮರುದಿನ ಅವರು ಅಂಗಡಿಯಲ್ಲಿ ಮೋಟಾರು ಎತ್ತಲು ಬಗ್ಗಿ ಹಾಗೇ ಕುಳಿತುಬಿಟ್ಟರು. ಪಾದ ಬಾತವು. ಮಲಗಿದರೆ ಉಸಿರು ಸಿಗದು, ಗೋಡೆಗೆ ಒರಗಿ ಕೂತೇ ನಿದ್ದೆ. ಮೀರಜಿಗೆ ಕರೆದುಕೊಂಡು ಹೋದೆವು. ಸಣ್ಣವರಿದ್ದಾಗ ಬಂದ ಜ್ವರವೊಂದು ಹೃದಯವನ್ನು ಕೆಡಿಸಿತ್ತಂತೆ, ಅದು ಈಗ ಹಿಗ್ಗಿದೆಯಂತೆ, ಆಪರೇಷನ್ನಿನ ಹೊತ್ತು ಮೀರಿದೆಯಂತೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಗುಳಿಗೆ ಕೊಡಿ, ಉಪ್ಪು ಕಡಿಮೆ ಮಾಡಿ, ಮನೆಯಲ್ಲಿ ಇಟ್ಟುಕೊಳ್ಳಿ ಎಂದರು. ಇಟ್ಟುಕೊಳ್ಳಿ ಎಂದ ರೀತಿಯಲ್ಲೇ ನನಗೆ ತಿಳಿಯಿತು. ವಾಪಸು ಬರುವ ರೈಲಿನಲ್ಲಿ ಅವರೇ ನನ್ನನ್ನು ನಗಿಸಲು ನೋಡಿದರು.

“ಹೃದಯ ದೊಡ್ಡದಾಗೇತಿ ಅಂತ ಡಾಕ್ಟರ ಬರದು ಕೊಟ್ಟಾನ. ನಮ್ಮವ್ವಗ ತೋರ್ಸಬೇಕು. ಜಿಪುಣ ಅಂತಿದ್ಲು.”

ಅಂಗಡಿಯ ಬಾಗಿಲು ಬಿತ್ತು. ಹೊರಗೆ ಕಬ್ಬಿನ ಸುಗ್ಗಿ. ಟ್ರ್ಯಾಕ್ಟರುಗಳು ನಮ್ಮ ಓಣಿಯ ತುದಿಯಲ್ಲಿ ದಿನವೂ ಗಡಗಡಿಸುತ್ತ ಹೋಗುತ್ತಿದ್ದವು. ಅವರು ಕಿಟಕಿಯ ಬಳಿ ಕೂತು ಆ ಎಂಜಿನ್ನಿನ ಸದ್ದು ಕೇಳಿ, ಇದರದು ಬೇರಿಂಗ್ ಹೋಗಿದೆ, ಇದು ನಾಲ್ಕು ದಿನ ಬಾಳದು ಎನ್ನುತ್ತಿದ್ದರು. ರೆಕಾರ್ಡು ಹಚ್ಚು ಎಂದು ಮಾತ್ರ ಹೇಳುತ್ತಿರಲಿಲ್ಲ. ಒಂದು ದಿನ ನಾನೇ ಕೇಳಿದೆ.

“ಎಲ್ಲಾ ಕೇಳಿದ್ದ ಅದಾವು,” ಎಂದರು. “ಹುಕ್ಕೇರ್ಯಾಗ ಒಬ್ಬರ ಅಟ್ಟ ನೋಡೂದು ಉಳದಿತ್ತು. ಅಷ್ಟ್ರಾಗ ಹಿಂಗಾತು.”

“ನಾ ಹೋಗ್ಲಿ?”

“ನೀ ಹೋಗಿ ಏನ್ ನೋಡ್ತಿ?”

“ನೀವು ಕಲಸ್ರಿ.”

ಆ ಡಿಸೆಂಬರಿನಲ್ಲಿ ನಾನು ಕಲಿತೆ. ರೆಕಾರ್ಡನ್ನು ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿಯಬೇಕು, ಬೆರಳು ಗೆರೆಗೆ ತಾಗಬಾರದು. ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯ ಗೀರೂ ಕಾಣುತ್ತದೆ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣ್ಣನೆಯ ಜಾಗದಲ್ಲಿ ಸಣ್ಣ ಅಂಕಿ ಕೊರೆದಿರುತ್ತದೆ, ಅದನ್ನು ಓದಿದರೆ ಒರಿಜಿನಲ್ ಹೌದೋ ಅಲ್ಲವೋ ತಿಳಿಯುತ್ತದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ಹೋತು, ಸೊಸೀನೂ ಹೋದ್ಲು,” ಎಂದರು.

ಹುಕ್ಕೇರಿ ನನ್ನ ತವರು. ಅವರು ಹೇಳಿದ್ದು ಅಲ್ಲಿನ ಒಂದು ಮೈಕ್‌ಸೆಟ್ಟಿನ ಅಂಗಡಿಯ ಅಟ್ಟ; ಸಂತೆಯ ದಿನ ಹೋದೆ. ಆ ಮೈಕ್‌ಸೆಟ್ಟಿನ ಅಂಗಡಿಯಲ್ಲಿ ಒಬ್ಬ ಮುದುಕರು ಮೈಕಿನ ಅಗಲ ಬಾಯಿಯ ಕರ್ಣೆಯೊಂದನ್ನು ಒರೆಸುತ್ತ ಕೂತಿದ್ದರು.

“ಭಜನಿ ಪ್ಲೇಟ ಬೇಕೇನ್ರಿ ಬಾಯಾರ? ಅಲ್ಲೆ ಮ್ಯಾಗ ಅದಾವ ನೋಡ್ರಿ.”

“ಭಜನಿ ಬ್ಯಾಡ್ರಿ ಕಾಕಾ. ಡಿಸ್ಕೋ ಅದಾವೇನು?”

ಅವರು ಕನ್ನಡಕ ಇಳಿಸಿ ನನ್ನ ತಲೆಯ ಮೇಲಿನ ಸೆರಗು ನೋಡಿದರು. ಒಳಗೆ ಮುಖ ಮಾಡಿ ಕೂಗಿದರು: “ಏ, ಕೇಳಿದೇನ? ಈ ಅಕ್ಕಾರಿಗಿ ಡಿಸ್ಕೋ ಬೇಕಂತ!”

“ಕೊಡ್ರಿ ಮತ್ತ,” ಎಂದಿತು ಒಳಗಿನಿಂದ ಹೆಂಗಸಿನ ದನಿ. “ಎಲ್ಲಾರೂ ನಿಮ್ಮಂಗ ಮುದುಕರಾಗ್ಯಾರೇನು?”

ಧೂಳಿನ ರಾಶಿಯಿಂದ ಒಂದೊಂದೇ ತೆಗೆದು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. ಮುದುಕರ ನಗು ನಿಂತಿತು. “ಹಿಂಗ ನೋಡೂದು ಯಾರ ಕಲಸ್ಯಾರ್ರಿ ನಿಮಗ?”

“ನಮ್ಮ ಮನ್ಯಾವ್ರು.”

“ಅವ್ರ್ಯಾಕ ಬರ್ಲಿಲ್ಲ?”

ನಾನು ಇನ್ನೊಂದು ರೆಕಾರ್ಡು ಎತ್ತಿಕೊಂಡೆ.

ಆಮೇಲೆ ಹಲವು ಸಲ ಹೋದೆ. ಹುಕ್ಕೇರಿ, ಕೊಣ್ಣೂರ, ಮೂಡಲಗಿ. ತಂದ ರೆಕಾರ್ಡನ್ನು ಅವರು ಕೈಗೆ ತೆಗೆದುಕೊಂಡು ಅಂಕಿ ಓದಿ, “ಖರೇ ಐತಿ,” ಎಂದರೆ ನನಗೆ ಪರೀಕ್ಷೆ ಪಾಸಾದ ಹಾಗೆ. ಬರಬರುತ್ತ ಅವರಿಗೆ ಹಾಡಿಗಿಂತ ನನ್ನ ಪ್ರಯಾಣದ ಸುದ್ದಿಯೇ ಬೇಕಾಗತೊಡಗಿತು. ಬಸ್ಸಿನಲ್ಲಿ ಯಾರು ಜಗಳಾಡಿದರು, ಹೊಳೆಯಲ್ಲಿ ನೀರೆಷ್ಟಿತ್ತು, ಯಾರ ಹೊಲದಲ್ಲಿ ಗೋಧಿ ತೆನೆ ಬಂದಿತ್ತು. ಹೇಳುತ್ತ ಹೇಳುತ್ತ ನಾನು ಸ್ವಲ್ಪ ಸೇರಿಸುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. “ಇದು ಒರಿಜಿನಲ್ ಅಲ್ಲ,” ಎನ್ನುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಮಧ್ಯಾಹ್ನ ನಮ್ಮಲ್ಲಿದ್ದ ಒಂದು ಡಿಸ್ಕೋ ರೆಕಾರ್ಡು ಹಚ್ಚು ಎಂದರು. ಅದು ನನಗೂ ಗೊತ್ತಿದ್ದ ಹಾಡು. ನಮ್ಮ ಮದುವೆಯಲ್ಲಿ ಹಚ್ಚಿದ್ದು.

ಆ ಮದುವೆಯ ಕಥೆ ಹೇಳಬೇಕು. ಹುಕ್ಕೇರಿಯಲ್ಲಿ ನಮ್ಮ ಮನೆಯ ಮುಂದೆ ಹಂದರ. ಮೈಕ್‌ಸೆಟ್ಟು ಬಸಣ್ಣ ಎಂಬುವರದು. ಅಕ್ಷತೆ ಮುಗಿದು, ನಾವಿಬ್ಬರೂ ಹಿರಿಯರ ಕಾಲಿಗೆ ಬೀಳುತ್ತಿದ್ದಾಗ ಬಸಣ್ಣ ತಮ್ಮಲ್ಲಿದ್ದ ಇದೇ ಹಾಡುಗಳ ರೆಕಾರ್ಡು ಹಚ್ಚಿಟ್ಟು ಊಟಕ್ಕೆ ಹೋದರು. ಮೂರನೆಯ ಹಾಡಿನ ನಡುವೆ ಮುಳ್ಳು ಒಂದು ಗೀರಿನಲ್ಲಿ ಸಿಕ್ಕಿಕೊಂಡಿತು. ಅದೇ ತುಣುಕು, ಮತ್ತೆ ಅದೇ ತುಣುಕು, ಇಡೀ ಓಣಿಗೆ ಕೇಳುವಂತೆ. ಮುಟ್ಟಿದರೆ ಕೆಟ್ಟೀತೆಂದು ಯಾರೂ ಹತ್ತಿರ ಹೋಗಲೊಲ್ಲರು. ನಮ್ಮ ಅಪ್ಪ ಬಸಣ್ಣನನ್ನು ಕೂಗುತ್ತ ಊಟದ ಪಂಕ್ತಿಯ ಕಡೆ ಓಡಿದರು. ಆಗ ಮದುಮಗ ಹಣೆಯ ಬಾಸಿಂಗ ಸಮೇತ ಎದ್ದರು. ನಮ್ಮಿಬ್ಬರ ಸೆರಗು ಶಲ್ಯಗಳಿಗೆ ಗಂಟು ಹಾಕಿತ್ತು, ಹಾಗಾಗಿ ನಾನೂ ಹಿಂದೆಯೇ ಹೋಗಬೇಕಾಯಿತು. ಅವರು ಮುಳ್ಳನ್ನು ಎರಡು ಬೆರಳಲ್ಲಿ ಎತ್ತಿ ಚೂರು ಮುಂದೆ ಇಟ್ಟರು. ಹಾಡು ಮುಂದೆ ಹೋಯಿತು. ಹಂದರವೆಲ್ಲ ನಕ್ಕಿತು.

“ಅಳಿಯಾನ್ನ ಹುಡುಕ್ಯಾರೋ, ಮೈಕಿನವನ್ನ ಹುಡುಕ್ಯಾರೋ!” ಎಂದಳು ಅಪ್ಪನ ತಂಗಿ, ನಮ್ಮ ಅತ್ಯಾ.

ತಲೆ ಬಗ್ಗಿಸಿ ನಿಂತಿದ್ದ ನಾನು ಮೊದಲ ಸಲ ಅವರ ಕೈಯನ್ನು ನೋಡಿದ್ದು ಆಗಲೇ. ಮುಖಕ್ಕಿಂತ ಮುಂಚೆ ಕೈ.

ಇವರು ಕೇಳಿದರೂ ಆ ರೆಕಾರ್ಡನ್ನು ಬಸಣ್ಣ ಆಗ ಮಾರಲಿಲ್ಲ. ಕೆಲವು ವರ್ಷಗಳ ಮೇಲೆ ಇವರಿಗೆ ಅದರದೇ ಇನ್ನೊಂದು ಒರಿಜಿನಲ್ ಸಂಕೇಶ್ವರದ ಕಡೆ ಸಿಕ್ಕಿತು. ಗೀರಿಲ್ಲದ್ದು, ಕನ್ನಡಿಯಂಥದ್ದು. ಅವತ್ತು ಮಧ್ಯಾಹ್ನ ನಾನು ಹಚ್ಚಿದ್ದು ಅದನ್ನೇ. ಮೂರನೆಯ ಹಾಡು ಬಂತು, ಆ ಜಾಗ ಬಂತು, ದಾಟಿತು. ಅವರು ಕಣ್ಣು ತೆರೆದರು.

“ಇದು ಚೊಲೊ ಐತಿ. ಆದ್ರ ಇದು ನಿಲ್ಲಂಗಿಲ್ಲ ಸುನಂದಾ. ಮುಂದ ಹೋಗ್ತೈತಿ.”

“ಹೋಗಬೇಕಲ್ರಿ ಮತ್ತ?”

“ಬಸಣ್ಣಂದು ಬೇಕು ನನಗ. ಅದನ್ನ ಒಮ್ಮಿ ಕೇಳ್ಬೇಕು.”

ಗೀರು ಬಿದ್ದ ರೆಕಾರ್ಡನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದ ಮನುಷ್ಯ. ಅವರ ಪಾದದ ಬಾವು ಮೊಳಕಾಲಿಗೆ ಬಂದಿತ್ತು. ಎಷ್ಟು ದಿನ ಉಳಿದಿವೆಯೋ ಅಷ್ಟರೊಳಗೆ ಅದನ್ನು ತರಬೇಕು, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಮರುದಿನವೇ ಹುಕ್ಕೇರಿಗೆ ಹೋದೆ. ಬಸಣ್ಣ ಊರು ಬಿಟ್ಟಿದ್ದರು. ಆ ಹಳೆಯ ಅಂಗಡಿಯ ಮುದುಕರೇ ಹೇಳಿದರು: “ಅಂವಾ ಮಗಳ ಕಡೆ ಹೋಗಿ ಉಳದಾನ. ಸೆಟ್ಟ, ಪ್ಲೇಟ ಎಲ್ಲಾ ಮೂಡಲಗಿ ಸಿದ್ದಪ್ಪಗ ಕೊಟ್ಟ ಹೋದ. ಅವನ ಪ್ಲೇಟ ನಿಮಗ ದೌಡ ಗುರ್ತ ಸಿಗ್ತೈತಿ. ಲೇಬಲ್ಲಿನ ಮ್ಯಾಲ ಕೆಂಪ ಬಣ್ಣದಾಗ ಹೆಸರು ಬರದಿರ್ತಾನ.”

ಮೂಡಲಗಿಯಲ್ಲಿ ಸಿದ್ದಪ್ಪನವರ ಮನೆ ಊರ ಅಂಚಿಗೆ. ಅಂಗಳದಲ್ಲಿ ಕುರಿಮರಿಗಳು, ಪಡಸಾಲೆಯಲ್ಲಿ ಮೈಕಿನ ಪೆಟ್ಟಿಗೆಗಳು. ಸಿದ್ದಪ್ಪ ಕುರಿ ಹಿಂದೆ ಹೋಗಿದ್ದರು. ಸೊಸೆ ರೇಣುಕಾ ನೀರು ಕೊಟ್ಟು ಕೂರಿಸಿದಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ನಗುಮುಖ.

“ಪ್ಲೇಟೇನ್ರಿ? ಇದ್ದೂರಿ. ಮಾವಾರು ಕ್ಯಾಸೆಟ್ ಹಚ್ಚಾಕ ಹತ್ತಿದ ಮ್ಯಾಲ ಸುಮ್ನ ಬಿದ್ದಿದ್ದೂ. ನಾ ಎಲ್ಲಾ ಬುಟ್ಟಿ ಮಾಡೇನ್ರಿ.”

“ಬುಟ್ಟಿ?”

“ಬರ್ರಿ, ತೋರಸ್ತೇನಿ.”

ಒಳಕೋಣೆಯ ಗೋಡೆಯ ಹಲಗೆಯ ಮೇಲೆ ಅವು ಸಾಲಾಗಿದ್ದವು. ಕುದಿಯುವ ನೀರಿನಲ್ಲಿ ರೆಕಾರ್ಡನ್ನು ಮೆತ್ತಗೆ ಮಾಡಿ, ತಂಬಿಗೆಯ ಮೇಲೆ ಬೋರಲು ಹಾಕಿ, ಅಂಚನ್ನು ಅಲೆ ಅಲೆಯಾಗಿ ಬಗ್ಗಿಸಿದ ಕಪ್ಪು ಬುಟ್ಟಿಗಳು. ನಡುವಿನ ತೂತಿಗೆ ಕೋಟಿನ ಗುಂಡಿ ಹೊಲಿದಿದ್ದಳು. ಎಲ್ಲದರಲ್ಲೂ ಪ್ಲಾಸ್ಟಿಕ್ ಹೂವು.

“ಹೊಲಿಗಿ ಕ್ಲಾಸಿನ್ಯಾಗ ಕಲಸಿದ್ರು. ಚಂದ ಆಗ್ಯಾವಿಲ್ರಿ ವೈನಿ?”

ನಾನು ಒಂದೊಂದನ್ನೇ ಎತ್ತಿ ತಳ ನೋಡಿದೆ. ಹೆಚ್ಚಿನವು ಭಕ್ತಿಗೀತೆ, ನಾಟಕದ ಪದ. ಹಲಗೆಯ ತುದಿಯಲ್ಲಿ, ಗುಲಾಬಿ ಹೂವು ತುಂಬಿದ ಬುಟ್ಟಿಯ ತಳದಲ್ಲಿ ನಮ್ಮ ಮದುವೆಯ ಆ ಡಿಸ್ಕೋ ರೆಕಾರ್ಡಿನ ಲೇಬಲ್ಲು, ಅದರ ಮೇಲೆ ಕೆಂಪು ಬಣ್ಣ ಕಂಡಿತು. ಬಸಣ್ಣ, ಹುಕ್ಕೇರಿ. ಸುತ್ತ ನುಣ್ಣನೆಯ ಜಾಗದಲ್ಲಿ ಅಂಕಿ. ಓದಿದೆ. ಒರಿಜಿನಲ್.

“ಚಂದ ಆಗ್ಯಾವವಾ,” ಎಂದೆ. “ಇದೊಂದು ನನಗ ಕೊಡ್ತಿ?”

“ಅಯ್ಯ, ಒಯ್ರಿ! ಹೂವು ತಗೀಲಿ? ಬ್ಯಾರೇವು ಹಾಕ್ಕೊಳ್ರಿ ನೀವು.” ಅವಳು ಹಿಗ್ಗಿದಳು. ತನ್ನ ಕೆಲಸವನ್ನು ಗೋಕಾಕದಿಂದ ಬಂದವರು ಕೇಳಿ ಒಯ್ಯುತ್ತಿದ್ದಾರೆ ಎಂದು.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ರಸ್ತೆಯುದ್ದಕ್ಕೂ ಗಾಣಗಳ ಬೆಲ್ಲದ ವಾಸನೆ. ಪಕ್ಕದ ಹೆಂಗಸು ಮುಟ್ಟಿ ನೋಡಿ, ಎಲ್ಲಿ ತೊಗೊಂಡ್ರಿ, ನಮ್ಮ ಮಗಳ ಮದುವ್ಯಾಗ ಕೈಕೆಲಸ ತೋರ್ಸೂ ರುಕ್ವತಕ್ಕ ಇಡಾಕ ಚೊಲೊ ಆಕ್ಕೈತಿ ಎಂದಳು. ಗೋಕಾಕ ಬರುವವರೆಗೆ ನಾನು ಸುಳ್ಳು ಹುಡುಕಿದೆ. ಸಿಗಲಿಲ್ಲ ಎನ್ನಬಹುದಿತ್ತು. ನಾಳೆ ಇನ್ನೊಂದು ಕಡೆ ನೋಡುತ್ತೇನೆ ಎನ್ನಬಹುದಿತ್ತು. ನಾಳೆಯ ಮಾತನ್ನು ಅವರ ಮುಂದೆ ಆಡುವುದು ಆಗ ಕಷ್ಟವಾಗಿತ್ತು.

ಒಳಗೆ ಹೋಗಿ ಬುಟ್ಟಿಯನ್ನು ಅವರ ಕೈಯಲ್ಲಿಟ್ಟೆ.

ಅವರು ತಿರುಗಿಸಿ ತಳ ನೋಡಿದರು. ಕೆಂಪು ಹೆಸರು ಓದಿದರು. ನಾನು ಅವರ ಮುಖ ನೋಡಲಾರದೆ ಪಾದ ನೋಡುತ್ತ ನಿಂತೆ. ಆಮೇಲೆ ಅವರ ಬೆರಳು ಗೆರೆಗಳ ಮೇಲೆ ಸರಿಯತೊಡಗಿತು, ತಾವೇ ಮುಟ್ಟಬಾರದೆಂದು ಕಲಿಸಿದ ಗೆರೆಗಳ ಮೇಲೆ. ಒಂದು ಅಲೆಯ ಇಳಿಜಾರಿನಲ್ಲಿ ನಿಂತಿತು.

“ಇಲ್ಲೇ ನೋಡು.”

ನನ್ನ ಬೆರಳನ್ನು ಹಿಡಿದು ಅಲ್ಲಿ ಇಟ್ಟರು. ಉಗುರಿಗೆ ಸಣ್ಣ ಗೀರು ತಾಗಿತು. ಆಗ ಅವರಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮಿನ ನಡುವೆ ಆ ತುಣುಕನ್ನು ತಾವೇ ಗುನುಗಿದರು, ಮತ್ತೆ ಅದನ್ನೇ, ಮತ್ತೆ ಅದನ್ನೇ. ಹಾಡದ ಮನುಷ್ಯ. ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲು ಹಿಡಿದು ನಿಂತರು. ಸಣ್ಣಗೆ ಮಾಡು ಎನ್ನಲಿಲ್ಲ.

“ಯಾರರೆ ಎತ್ರಪಾ ಮುಳ್ಳ,” ಎಂದರು ಅವರು ಕೊನೆಗೆ, ಕಣ್ಣೊರೆಸಿಕೊಳ್ಳುತ್ತ.

ನಾನು ಎತ್ತಲಿಲ್ಲ.

ಬುಟ್ಟಿ ಅವರ ದಿಂಬಿನ ಬದಿಯಲ್ಲೇ ಉಳಿಯಿತು. ಗುಳಿಗೆಗಳನ್ನು ಅದರಲ್ಲೇ ಹಾಕಿಟ್ಟೆವು. ಬೆಳಿಗ್ಗೆ ಕೈ ಹಾಕುವಾಗೆಲ್ಲ ಅವರ ಬೆರಳು ಆ ಅಲೆಯನ್ನು ಒಮ್ಮೆ ಮುಟ್ಟಿ ಹೋಗುತ್ತಿತ್ತು.

ಯುಗಾದಿ ಇನ್ನೂ ಬಂದಿರಲಿಲ್ಲ. ಹಿತ್ತಲ ಬೇವು ಹೂ ಉದುರಿಸಿ ಅದರಡಿಯ ನೆಲವೆಲ್ಲ ಬಿಳಿಯಾಗಿತ್ತು. ಬೆಳಗಿನ ಹೊತ್ತು, ನಾನು ಬಿಸಿನೀರು ತರಲು ಒಳಗೆ ಹೋಗಿದ್ದೆ. ಬಂದಾಗ ಅವರು ಹಾಗೆಯೇ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಮುಚ್ಚಿ, ಸಂಜೆ ಕೂರುತ್ತಿದ್ದಂತೆ. ಕೈ ಮೊಳಕಾಲ ಮೇಲಿತ್ತು. ಬೆರಳು ಆಡುತ್ತಿರಲಿಲ್ಲ.

ಮನೆ ಜನರಿಂದ ತುಂಬಿತು. ಅವರನ್ನು ಎತ್ತುವ ಹೊತ್ತಿಗೆ ಯಾರೋ, ಹೂವು ಹಾಕಲು ಒಂದು ಬುಟ್ಟಿ ಕೊಡಿ ಎಂದರು. ಅತ್ತೆ ಎದ್ದರು. ಹಾಸಿಗೆಯ ಬದಿಯಿಂದ ಅದನ್ನು ಎತ್ತಿಕೊಂಡು, ಗುಳಿಗೆಗಳನ್ನು ತಮ್ಮ ಸೆರಗಿಗೆ ಸುರುವಿಕೊಂಡು, ಹೂವು ತುಂಬಿ ಕೊಟ್ಟರು. ನಾನು ನೋಡಿದೆ. ಒಂದು ಮಾತು ಸಾಕಿತ್ತು, ಬೇರೆ ಬುಟ್ಟಿ ಬರುತ್ತಿತ್ತು. ತಡೆಯುವುದು ಬೇಡವೆನಿಸಿತು. ಅದು ಅವರ ಮುಂದೆ ಮುಂದೆ ಓಣಿ ದಾಟಿ ಹೋಯಿತು. ವಾಪಸು ಬರಲಿಲ್ಲ.

ಅತ್ತೆ ಗೊತ್ತಿದ್ದು ಕೊಟ್ಟರೋ, ಕೈಗೆ ಸಿಕ್ಕಿತೆಂದು ಕೊಟ್ಟರೋ, ನಾನು ಕೇಳಲಿಲ್ಲ. ಎಷ್ಟೋ ದಿನಗಳ ಮೇಲೆ ಅವರ ಸೀರೆ ಒಗೆಯಲು ನೆನೆಹಾಕುವಾಗ ಸೆರಗಿನ ತುದಿಯಲ್ಲಿ ಗಂಟು ಸಿಕ್ಕಿತು. ಬಿಚ್ಚಿದರೆ ಗುಳಿಗೆಗಳು. ಅವರೂ ಈಗಿಲ್ಲ.

ರೆಕಾರ್ಡುಗಳನ್ನು ಕೊಡುತ್ತೀರಾ ಎಂದು ಬೆಳಗಾವಿಯಿಂದ, ಕೊಲ್ಲಾಪುರದಿಂದ ಜನ ಬಂದರು. ಕೊಡಲಿಲ್ಲ. ಪ್ರತಿವರ್ಷ ಹಳೆಯ ಎಲೆ ತೆಗೆದು ಹೊಸದು ಹಾಕುತ್ತಿದ್ದೆ. ಮೊಳಕಾಲು ನೋವು ಬಂದ ಮೇಲೆ ಎರಡು ವರ್ಷ ಬಿಟ್ಟುಹೋಗಿತ್ತು. ಹೋದ ವಾರ ತಂದ ಎಲೆಯನ್ನು ಹಾಕಲು ಕಪಾಟು ತೆರೆದೆ. ಹೊಳೆಯುವ ಅಂಗಿಯವರು, ಕೈಯೆತ್ತಿದ ಹೆಂಗಸರು ಹಾಗೇ ಇದ್ದರು. ಆ ಗೀರಿಲ್ಲದ ಒರಿಜಿನಲ್ಲನ್ನು ಹೊರಗೆ ತೆಗೆದು, ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದೆ. ಕನ್ನಡಿಯ ಹಾಗೆಯೇ ಇದೆ.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಅದನ್ನು ಹಚ್ಚಿದೆ. ಮೂರನೆಯ ಹಾಡು ಬಂತು. ಆ ಜಾಗ ಬಂತು, ದಾಟಿತು. ನಾನು ಎದ್ದು ಹೋಗಿ ಎರಡು ಬೆರಳಲ್ಲಿ ಮುಳ್ಳನ್ನು ಎತ್ತಿ, ಚೂರು ಹಿಂದೆ ಇಟ್ಟೆ. ಮತ್ತೆ ದಾಟಿತು. ಮತ್ತೆ ಎತ್ತಿ ಹಿಂದೆ ಇಟ್ಟೆ.